ಸೊನ್ನೆಯಿಂದ ಸೊನ್ನೆಯವರೆಗೆ

ಐದು ಬಣ್ಣ ಹಾಕಿದ್ದೆ,
ತಿಳಿ ಹಳದಿಯಿಂದ ಹೆಪ್ಪುಗಟ್ಟಿದ ಕೆಂಪಿನವರೆಗೆ.
ಪಕ್ಕದ ಸೂಚಿಯಲ್ಲಿ ಐದಕ್ಕೂ ಒಂದೇ ಅಂಕಿ:
೦.೦೦ – ೦.೦೦.
ಶಿವಮೊಗ್ಗದ ಆರೋಗ್ಯ ಕಚೇರಿ, ಜನವರಿಯ ಒಂದು ಮಂಗಳವಾರ.
ಪ್ರೊಜೆಕ್ಟರ್ ಬೆಳಕಿನಲ್ಲಿ ಸಾಹೇಬರು
ಕನ್ನಡಕ ಹಣೆಗೇರಿಸಿ ಕೇಳಿದರು:
"ಸೊನ್ನೆಯಿಂದ ಸೊನ್ನೆಗೆ ಇಷ್ಟೊಂದು ಕೆಂಪು ಯಾಕಮ್ಮ?"
ಯಾರೋ ನಕ್ಕರು. ನಾನೂ ನಕ್ಕೆ.
ಸತ್ತದ್ದು ಮೂವತ್ತೇಳು ಮಂಗ.

ತಪ್ಪು ಲೆಕ್ಕದ್ದಲ್ಲ, ಮಾನದ್ದು.
ನಕ್ಷೆಯ ನೆಲ ಮೀಟರಿನದು, ಹಾಗಾಗಿ ಯಂತ್ರ
ಚದರ ಮೀಟರಿಗೆ ಎಷ್ಟು ಸಾವು ಅಂತ ಹಂಚಿಬಿಟ್ಟಿತ್ತು.
ಒಬ್ಬಳು ಚಕ್ಕಳಮಕ್ಕಳ ಕೂರುವಷ್ಟು ಜಾಗಕ್ಕೆ
ಮಂಗದ ಎಷ್ಟು ಪಾಲು ಬಂದೀತು? ಹಿಡಿ ಕೂದಲೂ ಇಲ್ಲ.
ಅತಿ ಕೆಂಪಾದಲ್ಲಿ ೦.೦೦೦೦೦೩೧.
ಎರಡು ದಶಾಂಶ ಸಾಕು ಎಂದವಳು ನಾನೇ.

ಹೋದ ವರ್ಷ ತಿರುಗುಮುರುಗು:
ನೆಲವನ್ನು ಡಿಗ್ರಿಯಲ್ಲೇ ಬಿಟ್ಟಿದ್ದೆ,
ಚದರ ಡಿಗ್ರಿಗೆ ಮೂವತ್ತು ಸಾವಿರ ಸಾವು ಬಂದಿತ್ತು.
ಅದನ್ನು ಯಾರೂ ನಂಬಲಿಲ್ಲ, ಸದ್ಯ.
ಸೊನ್ನೆಯನ್ನಾದರೆ ಎಲ್ಲರೂ ನಂಬುತ್ತಾರೆ.

ಹತ್ತು ಲಕ್ಷದಿಂದ ಗುಣಿಸಿದೆ. ಒಂದು ಸಾಲು, ಒಂದು ಗುಂಡಿ.
ಚಹಾ ಆರುವ ಮೊದಲೇ ಕೆಂಪಿಗೆ ಅಂಕಿ ಹತ್ತಿತು:
ಚದರ ಕಿಲೋಮೀಟರಿಗೆ ಮೂರು ಪಾಯಿಂಟ್ ಒಂದು.
ಅಷ್ಟಕ್ಕೆ ಕಾಡಿನಲ್ಲಿ ಒಂದು ಎಲೆಯೂ ಅಲುಗಿರಲಿಕ್ಕಿಲ್ಲ.

ಸಾಗರದ ಆಚೆಯಿಂದ ಫೋನಿನಲ್ಲಿ ವಾಚರ್ ಕೆರಿಯಪ್ಪ:
"ಚದರ ಗಿದರ ನಂಗೆ ಬ್ಯಾಡ ಮೇಡಂ, ಎಕರೆ ಲೆಕ್ಕ ಹೇಳಿ."
ಎಂಬತ್ತು ಎಕರೆಗೊಂದು, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಉಸಿರು.
"ನಮ್ಮೂರ ಸೊಪ್ಪಿನಬೆಟ್ಟನೇ ಅಷ್ಟಾತು.
ಹೆಂಗಸ್ರು ಇವತ್ತೂ ದರಗಿಗೆ ಹೋಗಿದಾರೆ.
ಉಣುಗಿಗೆ ಹಚ್ಚೋ ಎಣ್ಣೆ ಪಂಚಾಯ್ತಿ ಕಪಾಟಲ್ಲೇ ಅದೆ."

ಒಂದೊಂದು ಸಾವನ್ನೂ ಮೊರದಿಂದ ಭತ್ತ ಸುರಿದಂತೆ ಸುರಿದಿದ್ದೇನೆ:
ನಡುವೆ ದಿಬ್ಬ, ಸುತ್ತ ಒಂದೂವರೆ ಕಿಲೋಮೀಟರು
ಜಾರುತ್ತ ಜಾರುತ್ತ ಅಂಚಿನಲ್ಲಿ ಬರೀ ನೆಲ.
ಹಿನ್ನೀರಿನ ಮೇಲೂ ಒಂಚೂರು ಸತ್ತಿದೆ ಮಂಗ,
ಶಾಲೆಯ ಬಾವಿಕಟ್ಟೆಯ ಮೇಲೂ.
ಕೋಶವೊಂದು ಹೆಕ್ಟೇರು; ಕೋಶಕೋಶವನ್ನೂ ಮರಳಿ ಗುಣಿಸಿ
ಎಲ್ಲ ಕೂಡಿದರೆ ಮೂವತ್ತೇಳೇ ಬರಬೇಕು.
ಬಂದದ್ದು ಮೂವತ್ತಾರೂವರೆ.
ಅರ್ಧ ಮಂಗ ಜಿಲ್ಲೆಯ ಗೆರೆ ದಾಟಿ ಉತ್ತರ ಕನ್ನಡಕ್ಕೆ ಹೋಗಿದೆ.
ಅದಕ್ಕೆ ಅಲ್ಲಿ ಬೇರೆ ಕಡತ.

ಕೆರಿಯಪ್ಪನ ಚೀಟಿಗಳ ಅಳತೆಯೇ ಬೇರೆ.
'ಹೆಬ್ಬಲಸಿನಿಂದ ಒಂದು ಕೂಗಳತೆ, ಹಳ್ಳದ ಎಡಕ್ಕೆ.'
ಜಿಪಿಎಸ್ ಹಿಡಿಯದ ಕಣಿವೆಯಲ್ಲಿ ಅವನು ಬರೆಯುವುದು ಹಾಗೇ.
ಆರಿಸಿಕೊಳ್ಳಲು ನನ್ನ ಪಟ್ಟಿಯಲ್ಲಿ ಮೀಟರಿದೆ, ಅಡಿಯಿದೆ, ಗಜವಿದೆ,
ಸಮುದ್ರದ ಮೈಲು ಕೂಡ ಇದೆ.
ಕೂಗಳತೆ ಇಲ್ಲ.
ಯಾರ ಕೂಗು? ಗಾಳಿ ಯಾವ ಕಡೆಯದು?
ಕೇಳಿಸಿಕೊಳ್ಳುವವರು ಯಾರಾದರೂ ಇದ್ದರೆ?
ಆರುನೂರು ಮೀಟರು ಅಂತ ಹಾಕಿದೆ, ಒಳಗೊಳಗೇ ನಾಚಿ.

"ಸರಿ, ಈಗ ಅರ್ಥ ಆಯ್ತು," ಅಂದರು ಸಾಹೇಬರು.
"ಇದರಲ್ಲಿ ಎಣ್ಣೆ ಬಾಟ್ಲಿ ಎಷ್ಟು ಅಂತ ಬರುತ್ತಾ?"
ಬರಲ್ಲ ಸರ್. ಅದಕ್ಕೆ ಮನೆ ಎಣಿಸಬೇಕು.

ಸಂಜೆ ಕಚೇರಿ ಖಾಲಿಯಾದ ಮೇಲೆ ಮತ್ತೆ ಅವನ ಫೋನು.
"ಆ ಹಳ್ಳದ್ದು ಅದೆಯಲ್ಲ, ಒಂದು ಹೇಳೋದು ಮರ್ತಿದ್ದೆ.
ಅದ್ರ ಹೊಟ್ಟೆ ಕೆಳಗೆ ಮರಿ ಇತ್ತು ಮೇಡಂ,
ತಬ್ಕಂಡೇ ಇತ್ತು.
ಫಾರಮ್ಮಲ್ಲಿ ಒಂದೇ ಚೌಕ. ಒಂದು ಅಂತ ಬರ್ದೆ."

ಆ ಸಾಲಿನ ಒಂದನ್ನು ಎರಡು ಮಾಡಿ ಮತ್ತೆ ಓಡಿಸಿದೆ.
ಹಳ್ಳದ ಕೋಶದಲ್ಲಿ ೦.೪೨ ಇದ್ದದ್ದು ೦.೮೫ ಆಯಿತು.
ಒಂದರ ಕೆಳಗಿನದಕ್ಕೆಲ್ಲ ತಿಳಿ ಹಳದಿ ಕೊಟ್ಟಿದ್ದೆನಲ್ಲ,
ನಕ್ಷೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇದೆ.